ಕೊಡಿಗೇಹಳ್ಳಿಯಲ್ಲಿ ಅಪ್ಪನ ಟ್ರ್ಯಾಕ್ಟರು

ತವರಿಗೆ ಹೋಗುವುದೆಂದರೆ ಸೀರೆ, ಕುಂಕುಮ, ಮಡಿಲಕ್ಕಿ ನೆನಪಾಗುತ್ತವಲ್ಲವೆ? ಈ ಸಲ ನಾನು ಹೋದದ್ದು ಟ್ರ್ಯಾಕ್ಟರಿನ ಬ್ರೇಕ್ ರಿಪೇರಿಗೆ. ನಗಬೇಡಿ.

ಯಶವಂತಪುರದಲ್ಲಿ ಪ್ಯಾಸೆಂಜರ್ ರೈಲು ಹತ್ತಿದರೆ ಲೊಟ್ಟೆಗೊಲ್ಲಹಳ್ಳಿ ಆದಮೇಲೆ ಕೊಡಿಗೇಹಳ್ಳಿ. ನಾನು ಲಂಗ ಉಟ್ಟು ಓಡಾಡಿದ ರಾಗಿ ಹೊಲಗಳ ಮೇಲೆಲ್ಲ ಈಗ ಮೂರು ನಾಲ್ಕು ಅಂತಸ್ತಿನ ಮನೆಗಳು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಬಳ್ಳಾರಿ ರಸ್ತೆ ದಾಟುವುದೇ ಒಂದು ಸಾಹಸ. ಬಯಲು, ಪೈರು ಅಂತ ಕಣ್ಣಿಗೆ ಬೀಳಬೇಕಾದರೆ ಪಕ್ಕದ ಜಿ.ಕೆ.ವಿ.ಕೆ. ಆವರಣವೇ ಗತಿ. ನವೆಂಬರಿನ ಕೃಷಿ ಮೇಳವನ್ನು ನಮ್ಮಣ್ಣ ತಪ್ಪಿಸುವುದಿಲ್ಲ.

ಅಪ್ಪ 1984ರಲ್ಲಿ ತಂದ ಕೆಂಪು ಮ್ಯಾಸಿ ಫರ್ಗುಸನ್ 1035 ಇನ್ನೂ ಹಿತ್ತಲಲ್ಲಿದೆ. ಊರಿನ ಜಮೀನು ಸೈಟಾಯಿತು. ಉಳಿದಿರುವುದು ರಾಜಾನುಕುಂಟೆ ಕಡೆಯ ಮೂರು ಎಕರೆ. ಹೋದ ತಿಂಗಳು ಗೊಬ್ಬರದ ಟ್ರೇಲರ್ ಕಟ್ಟಿಕೊಂಡು ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಎಡ ಚಕ್ರ ಹಿಡಿಯಿತು, ಬಲದ್ದು ಹಿಡಿಯಲಿಲ್ಲ. ಗಾಡಿ ಗಿರ್ರನೆ ಎಡಕ್ಕೆ ತಿರುಗಿ ಚರಂಡಿಗಿಳಿಯಿತು. ಮಡ್‌ಗಾರ್ಡ್ ಮೇಲೆ ಕೂತಿದ್ದ ಅಣ್ಣನ ಮಗ ಆಚೆ ಗೊಬ್ಬರದ ಮೇಲೆ ಬಿದ್ದದ್ದಕ್ಕೆ ಉಳಿದ. ಅತ್ತಿಗೆ ಫೋನಿನಲ್ಲಿ ಅತ್ತೇಬಿಟ್ಟರು. “ಮಾರಿಬಿಡಲಿ ಅಂತ ನೀವಾದ್ರೂ ಹೇಳಿ, ನಿಮ್ಮ ಮಾತು ಕೇಳ್ತಾರೆ.”

ಹೇಳಿದೆ. “ಗುಜರಿಗೆ ಹಾಕೋದು ಇದ್ದೇ ಇದೆ ಕಣಮ್ಮ, ಮೊದಲು ಬಿಚ್ಚಿ ನೋಡೋಣ” ಅಂದ ಅಣ್ಣ.

ಯಲಹಂಕದಿಂದ ವಯಸ್ಸಾದ ಮೇಸ್ತ್ರಿ ಬಂದರು. ಮುಂದಿನ ಚಕ್ರಗಳಿಗೆ ಹಿಂದೂ ಮುಂದೂ ಕಲ್ಲು ಕೊಟ್ಟು, ಬಲಗಡೆ ಜಾಕ್ ಹಾಕಿ ಎತ್ತಿ, ಕೆಳಗೆ ಮರದ ದಿಮ್ಮಿ ಇಟ್ಟರು. ಜಾಕೊಂದನ್ನೇ ನಂಬಬಾರದಂತೆ. ಒಂದೇ ಪಕ್ಕ ಎತ್ತಿದರೆ ಒಳಗಿನ ಎಣ್ಣೆ ಆಚೆ ಪಕ್ಕಕ್ಕೆ ಹರಿದು ಈ ಕಡೆ ಚೆಲ್ಲುವುದು ಕಡಿಮೆ. ಚಕ್ರ ಬಿಚ್ಚಿ ಡ್ರಮ್ಮು ತೆಗೆದರೆ ಬ್ರೇಕ್ ಶೂಗಳು ಎಣ್ಣೆಯಲ್ಲಿ ಮುಳುಗೆದ್ದ ಬೋಂಡದ ಹಾಗಿದ್ದವು! ಒಣಗಿದ ಪುಡಿಯನ್ನು ಅಣ್ಣ ಊದಲು ಹೋದಾಗ ಮೇಸ್ತ್ರಿ ಕೈ ತಡೆದರು. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ಸೀಮೆಎಣ್ಣೆಯಲ್ಲಿ ತೊಳೆದರೆ ಆಗದೇ ಅಂದೆ. “ಒಳಕ್ಕೆ ಕುಡಿದಿರುತ್ತೆ ತಾಯಿ, ಬಿಸಿಯಾದಾಗ ಮತ್ತೆ ಬಿಡುತ್ತೆ.” ಹೊಸ ಲೈನಿಂಗೇ ಬೇಕಾಯಿತು.

ಎಣ್ಣೆ ಎಲ್ಲಿಂದ ಬಂತು? ಹಿಂದಿನ ಆಕ್ಸಲ್ಲಿನ ಸೀಲು ಸವೆದು ಗಟ್ಟಿಯಾಗಿತ್ತು. ಅದಕ್ಕಿಂತ ದೊಡ್ಡ ತಪ್ಪು ನಮ್ಮದೇ. ಆಕ್ಸಲ್ಲಿನ ಗಾಳಿ ಹೋಗುವ ಸಣ್ಣ ಕಿಂಡಿ ಮಣ್ಣು ಮೆತ್ತಿ ಮುಚ್ಚಿಹೋಗಿತ್ತು. ಕುಕ್ಕರಿನ ವೆಯ್ಟ್ ಕಟ್ಟಿಕೊಂಡರೆ ಆವಿ ಎಲ್ಲಿ ಸಂದು ಸಿಗುತ್ತೋ ಅಲ್ಲಿ ನುಗ್ಗುತ್ತದಲ್ಲ, ಹಾಗೆಯೇ ಬಿಸಿಯಾದ ಎಣ್ಣೆ ಸೀಲನ್ನು ದಾಟಿತ್ತು. ಕಿಂಡಿ ಚೊಕ್ಕ ಮಾಡದೆ ಸೀಲು ಮಾತ್ರ ಬದಲಿಸಿದ್ದರೆ ಮತ್ತದೇ ಕಥೆ.

ಆಕ್ಸಲ್ ಎಳೆದು ನೋಡಿದರೆ ಬೇರಿಂಗೂ ಗಡಗಡ. ಅದನ್ನು ಹಿಡಿದಿರುವ ಕಬ್ಬಿಣದ ಬಳೆಯನ್ನು ಉಳಿಯಲ್ಲಿ ಸೀಳಿ ತೆಗೆದರು. ಹೊಸ ಬಳೆಯನ್ನು ಕಾಯಿಸಿ ಹಿಗ್ಗಿಸಿ ಕೂರಿಸಿದರು. ತಣಿದಾಗ ತಾನೇ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಹಿಂದೆ ಕುಲುಮೆಯಲ್ಲಿ ಗಾಡಿ ಚಕ್ರಕ್ಕೆ ಪಟ್ಟಿ ಹಾಕುತ್ತಿದ್ದದ್ದೂ ಹೀಗೇ. ಸೀಲಿನ ತುಟಿ ಎಣ್ಣೆಯ ಕಡೆಗೇ ಇರಬೇಕೆಂದು ನನಗೂ ತೋರಿಸಿದರು.

ಎಡಗಡೆಯದನ್ನೂ ಬಿಡದೆ ಬಿಚ್ಚಿಸಿದೆ. ಒಂದಕ್ಕೆ ಹೊಸದು, ಒಂದಕ್ಕೆ ಹಳತು ಎಂದರೆ ಎಳೆತ ಸಮ ಬರುವುದಿಲ್ಲವಂತೆ. ಎರಡು ದಿನ ಹಿಡಿಯಿತು. ಹೊಲದಲ್ಲಿ ಚಿಕ್ಕದಾಗಿ ತಿರುಗಲು ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಪೆಡಲ್ ಇರುತ್ತವೆ. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿಯಲ್ಲಿ ಸೇರಿಸಬೇಕು. ನಮ್ಮ ಗಾಡಿಯ ಕೊಂಡಿ ಎಂದೋ ಕಳೆದಿತ್ತು. ಅದನ್ನೂ ಹಾಕಿಸಿದ ಮೇಲೇ ಅಣ್ಣನಿಗೆ ಬೀಗದಕೈ ಕೊಟ್ಟೆ.

ಮನೆ ಮುಂದೆ ನೀರು ಚೆಲ್ಲಿ ಮಣ್ಣಿನ ಮೇಲೆ ಓಡಿಸಿ ಬ್ರೇಕ್ ಒತ್ತಿಸಿದರು. ಎರಡು ಗೆರೆಯೂ ಒಂದೇ ಉದ್ದ. ಮುದ್ದೆ, ಅವರೆಕಾಳಿನ ಸಾರು ಬಡಿಸುತ್ತಾ ಅತ್ತಿಗೆ, “ಹಂಗಾದ್ರೆ ಮಾರೋದಿಲ್ವಾ?” ಅಂದರು. ಅಣ್ಣ ತಲೆ ಎತ್ತಲಿಲ್ಲ. ಮಡ್‌ಗಾರ್ಡ್ ಮೇಲೆ ಮಗುವನ್ನು ಕೂರಿಸುವುದಿಲ್ಲ ಅಂತ ಮಾತ್ರ ಮಾತು ಕೊಟ್ಟ.

ಮಾರನೆಯ ದಿನ ಒಬ್ಬನೇ ರಾಜಾನುಕುಂಟೆಗೆ ಹೊರಟ. ಹೊಲ ಮುಟ್ಟಿದೆ ಅಂತ ಫೋನು ಬರುವತನಕ ಅತ್ತಿಗೆ, ನಾನು ಇಬ್ಬರೂ ಕಾಫಿ ಕುಡಿಯಲಿಲ್ಲ.