ಕೇಳೋಕೊಂದು ಲೈಸೆನ್ಸು, ಮಾತಾಡೋಕೊಂದು ಲೈಸೆನ್ಸು

ಸಮುದಾಯ ಬಾನುಲಿ ನಡೆಸುವವರು ಒಂದೆಡೆ ಸೇರಿದರೆ ಯಾರೂ ಮೊದಲು ಹೆಸರು ಹೇಳುವುದಿಲ್ಲ, ತರಂಗಾಂತರದ ನಂಬರು ಹೇಳುತ್ತಾರೆ. "ನಾವು ತೊಂಬತ್ತು ಪಾಯಿಂಟ್ ಎಂಟು, ಸರಗೂರು." "ನಮ್ಮದು ನೂರಾ ಏಳು ಪಾಯಿಂಟ್ ಎಂಟು, ಮಂಗಳೂರು." ತೊಂಬತ್ತು ಪಾಯಿಂಟ್ ನಾಲ್ಕು ಅಂದರೆ ಮೂರ್ನಾಲ್ಕು ಜನ ಒಟ್ಟಿಗೇ ಕೈಯೆತ್ತಿ ನಗುತ್ತಾರೆ. ಎಲ್ಲರದ್ದೂ 50 ವ್ಯಾಟಿನ ಟ್ರಾನ್ಸ್‌ಮಿಟರು, 30 ಮೀಟರಿನ ಟವರು. ಹತ್ತು ಹನ್ನೆರಡು ಕಿಲೋಮೀಟರು ಹೋಗುವಷ್ಟರಲ್ಲಿ ದನಿ ಸೋತುಹೋಗುತ್ತದೆ. ಹಾಗಾಗಿ ಬೆಂಗಳೂರಿಗೆ ಕೊಟ್ಟ ನಂಬರನ್ನೇ ಧಾರವಾಡಕ್ಕೂ ಬೆಳಗಾವಿಗೂ ಕೊಟ್ಟರೆ ಒಬ್ಬರದ್ದು ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲ.

ನಾನು ಈ ಸಭೆಗಳಿಗೆ ಹೋಗುವುದು ಭಾಷಣ ಕೇಳಲಿಕ್ಕಲ್ಲ. ಮಂಡ್ಯದ ಗುತ್ತಲು ರಸ್ತೆಯಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡು ಬಂದವನು ನಾನು. ವೇದಿಕೆಯ ಮೇಲೆ ಸಬಲೀಕರಣ, ಸಹಭಾಗಿತ್ವ ಅಂತ ದೊಡ್ಡ ಮಾತು ನಡೆಯುವಾಗ ಹಿಂದಿನ ಸಾಲಿನಲ್ಲಿ ನನ್ನ ಸುತ್ತ ಬೇರೆಯದೇ ಸಭೆ. "ಸಿಡಿಲು ಹೊಡೆದು ಪವರ್ ಆಂಪ್ಲಿಫೈಯರ್ ಹೋಯ್ತು ಸಾರ್." "ರಿಫ್ಲೆಕ್ಟೆಡ್ ಪವರ್ ಐದು ತೋರಿಸ್ತಾ ಐತೆ, ಏನ್ ಮಾಡಾದು?" ಐದು ತೋರಿಸಿದರೆ ನಾನು ಮೊದಲು ಗುಮಾನಿಪಡುವುದು ಟವರಿನ ತುದಿಯ ಕನೆಕ್ಟರನ್ನು. ಅದರೊಳಗೆ ಮಳೆ ನೀರು ಇಳಿದಿರುತ್ತದೆ. ಆಂಟೆನಾ ಮೂಲಕ ಹೊರಗೆ ಹೋಗಬೇಕಾದ ಪವರು ಕೇಬಲ್ಲಿನಲ್ಲೇ ವಾಪಸ್ ಬಂದು ಟ್ರಾನ್ಸ್‌ಮಿಟರನ್ನೇ ಕಾಯಿಸುತ್ತದೆ. ಟೇಪು ಬಿಚ್ಚಿ, ಒಣಗಿಸಿ, ಹೊಸ ಟೇಪು ಬಿಗಿಯಾಗಿ ಸುತ್ತಿದರೆ ಎಷ್ಟೋ ಕೇಸು ಅಲ್ಲಿಗೇ ಮುಗಿಯುತ್ತದೆ. ಉಳಿದದ್ದು ಅರ್ತಿಂಗು. ಗುಂಡಿ ತೋಡಿ ಉಪ್ಪು, ಇದ್ದಿಲು ತುಂಬಿಸುವ ದಿನ ಎಲ್ಲರಿಗೂ ಹುರುಪು. ಬೇಸಿಗೆಯಲ್ಲಿ ಅದಕ್ಕೆ ಎರಡು ಬಿಂದಿಗೆ ನೀರು ಹಾಕುವುದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಭರಣಿ ಮಳೆಯ ಮೊದಲ ಸಿಡಿಲಿಗೇ ನನಗೆ ಫೋನು ಬರುತ್ತದೆ.

ಗುತ್ತಲು ಈಗ ಮಂಡ್ಯದೊಳಗೇ ಸೇರಿಹೋಗಿದೆ. ಅರಕೇಶ್ವರನ ಗುಡಿ ಇರುವುದರಿಂದ ಹೊರಗಿನವರಿಗೂ ಹೆಸರು ಗೊತ್ತು. ನಾನು ಕೆಲಸ ಕಲಿಯಲು ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಮದ್ದೂರು, ಮಳವಳ್ಳಿ ಕಡೆಯಿಂದ ಬಸ್ಸಿನಲ್ಲಿ ಟವಲು ಸುತ್ತಿದ ಮರ್ಫಿ, ಫಿಲಿಪ್ಸ್, ಬುಷ್ ಸೆಟ್ಟುಗಳು ಬರುತ್ತಿದ್ದವು. ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಟವಾಡೆಯಾದ ತಿಂಗಳು ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬಿಲ್ಲು ತಡವಾದ ವರ್ಷ ನಾವೂ ಖಾಲಿ ಕೂರುತ್ತಿದ್ದೆವು. "ಅದೇನೋ ಕರ್ರೋ ಬರ್ರೋ ಅಂತದೆ, ವಸಿ ನೋಡಣ್ಣ" ಎಂದರೆ ವಾಲ್ಯೂಮ್ ಕಂಟ್ರೋಲು. ಮುಳ್ಳು ಓಡುತ್ತಿಲ್ಲವೆಂದರೆ ಡಯಲ್ ದಾರ ಕಿತ್ತಿದೆ. ಆ ದಾರ ಹಾಕುವುದೇ ಒಂದು ವಿದ್ಯೆ. ಗ್ಯಾಂಗ್ ಕಂಡೆನ್ಸರಿನ ಗಾಲಿಗೆ ಒಂದು ಸುತ್ತು, ಟ್ಯೂನಿಂಗ್ ಕಡ್ಡಿಗೆ ಎರಡೂವರೆ ಸುತ್ತು, ಕೊನೆಗೆ ಸ್ಪ್ರಿಂಗಿಗೆ ಗಂಟು. ಎಲ್ಲೋ ಒಂದು ಕಡೆ ಸಡಿಲವಾದರೆ ಬೆಂಗಳೂರು ಎಂದು ಬರೆದ ಜಾಗದಲ್ಲಿ ಬೆಂಗಳೂರು ಸಿಗುವುದಿಲ್ಲ. ಕಾಯಿಲು ತಿರುಗಿಸಿ 612 ಕಿಲೋಹರ್ಟ್ಸ್‌ಗೆ ಕೂರಿಸಿದ ಮೇಲೆ ಅದು ಅಲುಗಾಡದಂತೆ ಮೇಣದಬತ್ತಿ ಹಚ್ಚಿ ಎರಡು ತೊಟ್ಟು ಮೇಣ ಬೀಳಿಸುತ್ತಿದ್ದೆವು. ಟ್ರಾನ್ಸಿಸ್ಟರುಗಳು ನಮ್ಮದೇ ಬೆಂಗಳೂರಿನ ಬಿ.ಇ.ಎಲ್.ನವು.

ಆಗ ರೇಡಿಯೋ ಕೇಳುವುದಕ್ಕೇ ಲೈಸೆನ್ಸು ಬೇಕಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಅಂಚೆ ಕಚೇರಿಯಲ್ಲಿ ಒಂದು ಸಣ್ಣ ಪುಸ್ತಕ ಕೊಡುತ್ತಿದ್ದರು. ವರ್ಷಕ್ಕೊಮ್ಮೆ 15 ರೂಪಾಯಿ ಕಟ್ಟಿ ಅದನ್ನು ನವೀಕರಿಸಬೇಕು. ಕಟ್ಟದವರು ಇನ್‌ಸ್ಪೆಕ್ಟರ್ ಬಂದನೆಂದರೆ ಸೆಟ್ಟನ್ನು ರಾಗಿ ವಾಡೆಯೊಳಗೆ ಇಳಿಸುತ್ತಿದ್ದರು. ನಮ್ಮ ಅಂಗಡಿಗೆ ಬರುವ ಎಷ್ಟೋ ಸೆಟ್ಟುಗಳ ಸ್ಪೀಕರಿನಿಂದ ರಾಗಿ ಕಾಳು ಉದುರುತ್ತಿತ್ತು. ಎಂಬತ್ತರ ದಶಕದ ನಡುವೆ ಈ ಲೈಸೆನ್ಸು ರದ್ದಾಯಿತು.

ಸೆಟ್ಟು ಇಲ್ಲದವರಿಗೆ ಪಂಚಾಯ್ತಿ ರೇಡಿಯೋ. ಸರ್ಕಾರ ಕೊಟ್ಟ ಸೆಟ್ಟು, ಪಂಚಾಯ್ತಿ ಕಟ್ಟಡದ ಮೇಲೊಂದು ಹಾರನ್ನು, ಅದರ ಕೆಳಗೆ ಜಗಲಿಯಲ್ಲಿ ಊರಿನ ಗಂಡಸರು. ಸಂಜೆಯ ಕೃಷಿರಂಗ, ಬೆಳಿಗ್ಗೆಯ ಪ್ರದೇಶ ಸಮಾಚಾರ. ಹೆಂಗಸರು ಆ ಜಗಲಿಯ ಹತ್ತಿರ ಸುಳಿಯುತ್ತಿರಲಿಲ್ಲ, ನೀರು ಸೇದುತ್ತಾ ದೂರದಿಂದ ಕೇಳಿಸಿಕೊಳ್ಳುತ್ತಿದ್ದರು. ಕೀಲಿ ಅಟೆಂಡರನ ಸೊಂಟದಲ್ಲಿ. ಅವನಿಗೆ ಚೇರ್ಮನ್ನರ ಮೇಲೆ ಮುನಿಸಿದ್ದರೆ ಊರಿಗೆ ಅಂದು ರೇಡಿಯೋ ಇಲ್ಲ. ಆದರೂ ಅದರ ಪ್ರಭಾವ ಸಣ್ಣದಲ್ಲ. ಅರವತ್ತರ ದಶಕದಲ್ಲಿ ತಂಜಾವೂರು ಕಡೆ ತಿರುಚಿರಾಪಳ್ಳಿ ಆಕಾಶವಾಣಿ ಹೇಳಿದ್ದನ್ನು ಕೇಳಿ ರೈತರು ಹೊಸ ಭತ್ತದ ತಳಿಯೊಂದನ್ನು ಬಿತ್ತಿದರು, ಎ.ಡಿ.ಟಿ. 27 ಎಂಬ ಅದರ ಹೆಸರು ಯಾರ ಬಾಯಲ್ಲೂ ನಿಲ್ಲದೆ ರೇಡಿಯೋ ಭತ್ತ ಎಂದೇ ಆಯಿತು. ನಮ್ಮಲ್ಲೂ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನವರು ರೇಡಿಯೋದಲ್ಲಿ ಮಾತಾಡಿದ ಮಾರನೆಯ ದಿನ ಗೊಬ್ಬರದಂಗಡಿಯಲ್ಲಿ ಅದೇ ಚರ್ಚೆ. ಊರೆಲ್ಲ ಕೂತು ಕೇಳುತ್ತಿತ್ತು, ಊರಿನವರ ಮಾತು ಮಾತ್ರ ಅದರಲ್ಲಿ ಬರುತ್ತಿರಲಿಲ್ಲ. ಅದು ಬೇಕೆಂದು ನಮಗೂ ಅನ್ನಿಸಿರಲಿಲ್ಲ.

ವಿಚಿತ್ರವೆಂದರೆ ನಮ್ಮ ಸೀಮೆಯಲ್ಲಿ ರೇಡಿಯೋ ಹುಟ್ಟಿದ್ದೇ ಒಬ್ಬರ ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ಆಮೇಲೆ ಅದು ದೇಶದ ರೇಡಿಯೋಗೇ ಅಂಟಿತು. 30 ವ್ಯಾಟು ಅಂದರೆ ಇವತ್ತಿನ ಸಮುದಾಯ ಬಾನುಲಿಗಿಂತಲೂ ಕಡಿಮೆ. ನಲವತ್ತರ ದಶಕದಲ್ಲಿ ಸಂಸ್ಥಾನ ಅದನ್ನು ವಹಿಸಿಕೊಂಡಿತು, 1950ರಲ್ಲಿ ಕೇಂದ್ರ ಸರ್ಕಾರದ ಕೈಗೆ ಹೋಯಿತು. ಮನೆಯಿಂದ ಸರ್ಕಾರಕ್ಕೆ ಹೋದ ರೇಡಿಯೋ ಮತ್ತೆ ಜನರ ಹತ್ತಿರ ಬರಲು ಅರ್ಧ ಶತಮಾನ ಹಿಡಿಯಿತು. ಅಡ್ಡ ನಿಂತಿದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆ.

ತೊಂಬತ್ತರ ದಶಕ ನನ್ನಂಥವರಿಗೆ ಕೆಟ್ಟ ಕಾಲ. ಟಿ.ವಿ. ಬಂತು, ಟೇಪ್‌ರೆಕಾರ್ಡರ್ ಬಂತು, ಕೇಬಲ್ ಬಂತು. ನಾನೂ ಕೇಬಲ್ಲಿನ ಆಂಪ್ಲಿಫೈಯರ್ ರಿಪೇರಿಗೆ ಇಳಿದೆ.

ಅದೇ ಹೊತ್ತಿನಲ್ಲಿ, 1995ರ ಫೆಬ್ರವರಿಯಲ್ಲಿ, ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತ್ತು. ಜಗಳ ಕ್ರಿಕೆಟ್ ಪ್ರಸಾರದ್ದು. ಬಂಗಾಳದ ಕ್ರಿಕೆಟ್ ಸಂಸ್ಥೆಗೂ ವಾರ್ತಾ ಇಲಾಖೆಗೂ. ನ್ಯಾಯಮೂರ್ತಿ ಪಿ.ಬಿ. ಸಾವಂತ್ ಬರೆದ ತೀರ್ಪು ಹೇಳಿದ್ದು ಬಾನಿನ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು. ಮರುವರ್ಷ ಬೆಂಗಳೂರಿನಲ್ಲಿ ವಾಯ್ಸಸ್ ಸಂಸ್ಥೆಯವರು ರೇಡಿಯೋ ಬಲ್ಲವರನ್ನೆಲ್ಲ ಸೇರಿಸಿ ಸಭೆ ಮಾಡಿದರು. ಸರ್ಕಾರದ್ದಲ್ಲದ, ವ್ಯಾಪಾರದ್ದೂ ಅಲ್ಲದ ಮೂರನೆಯ ಥರದ ರೇಡಿಯೋ ಬೇಕು ಎಂಬ ಬೆಂಗಳೂರು ಘೋಷಣೆ ಹೊರಬಂದದ್ದು ಅಲ್ಲಿ. ಇವತ್ತಿನ ಇಂಥ ಸಭೆಗಳಿಗೆಲ್ಲ ಮೂಲ ಅದು ಅಂತ ನನ್ನ ಲೆಕ್ಕ.

ಘೋಷಣೆ ಹೊರಬಿತ್ತು, ಪರವಾನಗಿ ಬರಲಿಲ್ಲ. ಅದಕ್ಕೆ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಒಂದು ಉಪಾಯ ಮಾಡಿದ್ದರು. ಹೈದರಾಲಿ ಹುಟ್ಟಿದ ಊರು ಅದು. ವಾಯ್ಸಸ್, ಮೈರಾಡ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ 2001ರಲ್ಲಿ ಅಲ್ಲಿ ನಮ್ಮ ಧ್ವನಿ ಕೇಂದ್ರ ತೆರೆದವು. ಗಾಳಿಯಲ್ಲಿ ಬಿಟ್ಟರೆ ಕಾನೂನು ಹಿಡಿಯುತ್ತದೆ, ತಂತಿಯಲ್ಲಿ ಬಿಟ್ಟರೆ ಹಿಡಿಯುವುದಿಲ್ಲ. ಮೊದಮೊದಲು ಸಂತೆಯಲ್ಲಿ ಮೈಕು ಕಟ್ಟಿ ಕ್ಯಾಸೆಟ್ ಹಾಕಿದರು, ಆಮೇಲೆ ಟಿ.ವಿ. ಕೇಬಲ್ಲಿನಲ್ಲೇ ದನಿ ಹರಿಸಿದರು. ಕೇಬಲ್ ಕೆಲಸದವನಾದ ನನಗೆ ಅದನ್ನು ಕಣ್ಣಾರೆ ನೋಡಲೇಬೇಕೆನಿಸಿ ಬಂಗಾರಪೇಟೆ ಬಸ್ಸು ಹತ್ತಿದ್ದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮೈಕಿನ ಮುಂದೆ ಕೂತು ಕುಡಿಯುವ ನೀರಿನ ಬಗ್ಗೆ, ಅಕ್ಕಪಕ್ಕದ ಮನೆಯವರ ಜತೆ ಮಾತಾಡುವಷ್ಟೇ ಸಲೀಸಾಗಿ ಮಾತಾಡುತ್ತಿದ್ದರು. ನಲ್ಲಿ ಬಾರದ್ದನ್ನು ಹೀಗೆ ಊರೆಲ್ಲ ಕೇಳಿದ ಮೇಲೆ ಪಂಚಾಯ್ತಿಯವರು ಪೈಪು ಸರಿಮಾಡಿಸಿದ ಕತೆಯನ್ನು ಬೂದಿಕೋಟೆಯವರು ಇವತ್ತಿಗೂ ಹೇಳುತ್ತಾರೆ. ಅಷ್ಟು ವರ್ಷ ಸ್ಪೀಕರ್ ಬಿಚ್ಚಿದವನು ನಾನು. ಅದರೊಳಗಿಂದ ಕೋಲಾರದ ಹಳ್ಳಿಯ ಮಾತು, ಅದರ ತೆಲುಗು ಬೆರಕೆಯ ಸಮೇತ, ಕೇಳಿದ್ದು ಅದೇ ಮೊದಲು.

ಕಾನೂನು ಬಂತು, ಕಂತಿನಲ್ಲಿ ಬಂತು. ಮೊದಲು ಕಾಲೇಜುಗಳಿಗೆ ಮಾತ್ರ ಅನುಮತಿ. 2004ರ ಫೆಬ್ರವರಿಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ದೇಶದ ಮೊದಲ ಕೇಂದ್ರ. 2006ರ ನವೆಂಬರಿನಲ್ಲಿ ಸಂಘಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಬಾಗಿಲು ತೆರೆಯಿತು. 2008ರಲ್ಲಿ ಆಗಿನ ಆಂಧ್ರದ ಮೇದಕ್ ಜಿಲ್ಲೆಯ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳೇ ನಡೆಸುವ ಸಂಘಂ ರೇಡಿಯೋ ಶುರುವಾಯಿತು. ನಮ್ಮಲ್ಲಿ ಬೆಂಗಳೂರಿನ ರೇಡಿಯೋ ಆಕ್ಟಿವ್, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೇಂದ್ರ, ಮಂಗಳೂರಿನ ಸಾರಂಗ್, ಕಾಡಂಚಿನ ಸರಗೂರಿನಲ್ಲಿ ಜನಧ್ವನಿ. ಸಾರಂಗ್‌ನಲ್ಲಿ ತುಳು, ಕೊಂಕಣಿ, ಬ್ಯಾರಿ ಕೇಳುತ್ತದೆ. ಜನಧ್ವನಿಯಲ್ಲಿ ಹಾಡಿಯ ಮಕ್ಕಳು ಹಾಡುತ್ತಾರೆ. ಇವೆಲ್ಲ ಸರಿ. ಆದರೆ ಸಭೆಗಳಲ್ಲಿ ಸುತ್ತ ಕಣ್ಣಾಡಿಸಿದರೆ ಐಡಿ ಕಾರ್ಡು ನೇತುಹಾಕಿಕೊಂಡ ಕಾಲೇಜಿನವರೇ ಹೆಚ್ಚು. ಟವರಿಗೆ ಜಾಗ, ಕರೆಂಟಿಗೆ ದುಡ್ಡು, ಸಂಬಳಕ್ಕೆ ಆಡಳಿತ ಮಂಡಳಿ ಇರುವುದು ಅವರಿಗೇ. ಊರಿನ ಕೈಗೆ ಅಂತ ಕೊಟ್ಟದ್ದು ಬಹುಪಾಲು ಕ್ಯಾಂಪಸ್ ಗೇಟಿನೊಳಗೇ ಉಳಿಯಿತು ಎನ್ನುವುದು ನನ್ನ ತಕರಾರು. ಇದನ್ನು ಸಭೆಯಲ್ಲೇ ಹೇಳಿದ್ದೇನೆ, ಕಾಲೇಜಿನವರೇ ಚಪ್ಪಾಳೆ ತಟ್ಟಿದರು.

ಸಭೆಯಲ್ಲಿ ಯಾವತ್ತೂ ಮುಗಿಯದ ಜಗಳ ಸುದ್ದಿಯದ್ದು. ಸಮುದಾಯ ಬಾನುಲಿಯಲ್ಲಿ ಸ್ವಂತ ಸುದ್ದಿ, ರಾಜಕೀಯ ಕೂಡದು. ಹವಾಮಾನ, ಪರೀಕ್ಷೆಯ ಫಲಿತಾಂಶ, ಕರೆಂಟು ನೀರಿನ ವಿಷಯ, ಜಾತ್ರೆ ಉತ್ಸವ ಹೇಳಬಹುದು, ಅದು ಮಾಹಿತಿ. ಬೇರೆ ಜಿಲ್ಲೆಯವರಿಗೆ ಈ ಗೆರೆ ಸಲೀಸು. ಮಂಡ್ಯದವನಿಗೆ ಅಲ್ಲ. ಕನ್ನಂಬಾಡಿಯಿಂದ ವಿ.ಸಿ. ನಾಲೆಗೆ ಇಂಥ ದಿನ ನೀರು ಬಿಡುತ್ತಾರೆ ಎಂದರೆ ಮಾಹಿತಿ. ಯಾಕೆ ಹತ್ತು ದಿನ ತಡವಾಯಿತು ಎಂದು ಮಳವಳ್ಳಿಯ ಕೊನೆ ಭಾಗದ ರೈತ ಕೇಳಿದರೆ? ಅವನ ದನಿಯನ್ನು ಹಾಕಬಹುದೋ ಬಾರದೋ? 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆಯಾಗಿ ಮಂಡ್ಯದ ರಸ್ತೆಯ ಮೇಲೆ ಟೈರು ಉರಿಯುತ್ತಿದ್ದಾಗ ಸಮುದಾಯ ಬಾನುಲಿಗಳು ನಿಯಮದ ಪ್ರಕಾರ ಅದರ ಬಗ್ಗೆ ಬಾಯಿಬಿಡುವ ಹಾಗಿರಲಿಲ್ಲ. ಮೊಬೈಲಿನಲ್ಲಿ ಮಾತ್ರ ಎಂಥೆಂಥದೋ ಸುಳ್ಳು ಹರಿದಾಡುತ್ತಿತ್ತು. ಒಂದು ಸಭೆಯಲ್ಲಿ ವೇದಿಕೆಯಲ್ಲಿದ್ದ ಅಧಿಕಾರಿಯೊಬ್ಬರನ್ನು ಈ ಪ್ರಶ್ನೆ ಕೇಳಿದಾಗ, "ನೀವು ನೀರಿನ ಮಿತಬಳಕೆ ಬಗ್ಗೆ ಕಾರ್ಯಕ್ರಮ ಮಾಡಿ" ಅಂದರು. ಹಿಂದಿನ ಸಾಲಿನಲ್ಲಿ ನಮ್ಮ ಕಡೆಯವನೊಬ್ಬ, "ಇರಾ ನೀರ ಮಿತ ಮಾಡ್ಬೋದು ಬುದ್ಧಿ, ಇಲ್ದಿರಾದ ಯೆಂಗ್ ಮಾಡಾದು?" ಅಂತ ಗೊಣಗಿದ.

ಇನ್ನೊಂದು ಜಗಳ ದುಡ್ಡಿನದ್ದು. 2012ರಲ್ಲಿ ತರಂಗಾಂತರದ ವಾರ್ಷಿಕ ಶುಲ್ಕವನ್ನು 19,700 ರೂಪಾಯಿಯಿಂದ 91,000ಕ್ಕೆ ಏರಿಸಿದ್ದರು. ದೇಶದ ಕೇಂದ್ರಗಳೆಲ್ಲ ಪ್ರತಿಭಟಿಸಿದ ಮೇಲೆ ಹಿಂದಕ್ಕೆ ಪಡೆದರು. 2024ರ ಫೆಬ್ರವರಿಯಲ್ಲಿ, ಅದೇ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರಕ್ಕೆ 20 ವರ್ಷ ತುಂಬಿದಾಗ, ದಕ್ಷಿಣ ರಾಜ್ಯಗಳ ಕೇಂದ್ರಗಳ ಸಮ್ಮೇಳನ ಚೆನ್ನೈನಲ್ಲಿ ನಡೆಯಿತು. ಗಂಟೆಗೆ 7 ನಿಮಿಷವಿದ್ದ ಜಾಹೀರಾತಿನ ಮಿತಿಯನ್ನು 12ಕ್ಕೆ ಏರಿಸಿದ್ದು, ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿ ಇದ್ದದ್ದು 74 ಆದದ್ದು ಆಗ ಪ್ರಕಟವಾಯಿತು. ಒಳ್ಳೆಯದೇ. ಆದರೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ದಿನಾ ಜಾಹೀರಾತು ಕೊಡುವವರು ಎಷ್ಟು ಜನ? ಒಂದು ಫರ್ಟಿಲೈಸರ್ ಅಂಗಡಿ, ಒಂದು ಚಿನ್ನದಂಗಡಿ, ಆಷಾಢ ಕಳೆದ ಮೇಲೆ ಒಂದು ಕಲ್ಯಾಣ ಮಂಟಪ. ಮಿಕ್ಕಿದ್ದಕ್ಕೆಲ್ಲ ಸರ್ಕಾರದ ಜಾಹೀರಾತೇ ಗತಿ. ಅದನ್ನೇ ನೆಚ್ಚಿಕೊಂಡವರು ನಾಲೆಯ ನೀರಿನ ಮಾತನ್ನು ಎಷ್ಟು ಗಟ್ಟಿಯಾಗಿ ಆಡಿಯಾರು?

ಕೇಳುವವರ ಕೈಯಲ್ಲಿ ಈಗ ರೇಡಿಯೋ ಇದೆಯೇ ಎನ್ನುವುದನ್ನು ಮಾತ್ರ ಸಭೆಗಳಲ್ಲಿ ಯಾರೂ ಜೋರಾಗಿ ಎತ್ತುವುದಿಲ್ಲ. ಮೊಬೈಲಿನಲ್ಲಿ ಎಫ್.ಎಂ. ಇದ್ದಾಗ ಇಯರ್‌ಫೋನಿನ ವೈರೇ ಅದಕ್ಕೆ ಆಂಟೆನಾ. ಆ ವೈರು ಸಿಕ್ಕಿಸುವ ತೂತನ್ನೇ ಹೊಸ ಫೋನುಗಳಲ್ಲಿ ಮುಚ್ಚಿಬಿಟ್ಟರು. ಫೋನುಗಳಲ್ಲಿ ಎಫ್.ಎಂ. ಕಡ್ಡಾಯವಾಗಿ ಚಾಲೂ ಇರಲಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ಕಂಪನಿಗಳಿಗೆ ಸೂಚಿಸಿತು. ನನ್ನ ಅಂಗಡಿಗೆ ಬರುವ ಫೋನುಗಳಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಸಂತೆಯಲ್ಲಿ ಸಿಗುವ ಚೀನಾ ಸೆಟ್ಟಿನಲ್ಲಿ ಎಫ್.ಎಂ. ಇದೆ, ಜನ ಕೇಳುವುದು ಅದಕ್ಕೆ ಸಿಕ್ಕಿಸಿದ ಪೆನ್‌ಡ್ರೈವಿನ ಹಾಡು.

ಹೋದ ವರ್ಷ ಮಳವಳ್ಳಿ ಕಡೆಯ ಒಂದು ಹೆಣ್ಣುಮಕ್ಕಳ ಸಂಘದವರು ಅಂಗಡಿಗೆ ಬಂದಿದ್ದರು. ನಮ್ಮೂರಲ್ಲೂ ರೇಡಿಯೋ ಮಾಡಬೇಕು, ಏನೇನು ಬೇಕು ಹೇಳಣ್ಣ ಎಂದರು. ಹೇಳಿದೆ: ಸಂಘ ನೋಂದಣಿಯಾಗಿ ಮೂರು ವರ್ಷವಾಗಿರಬೇಕು, ಮೊದಲು ವಾರ್ತಾ ಸಚಿವಾಲಯದ ಒಪ್ಪಿಗೆ, ಆಮೇಲೆ ತರಂಗಾಂತರ, ಟವರಿಗೆ ಜಾಗ, ಧೂಳಿಲ್ಲದ ಕೋಣೆ, ಬ್ಯಾಟರಿ. ಹಿರಿಯಾಕೆ ಎಲ್ಲ ಕೇಳಿಸಿಕೊಂಡು, "ಕೇಳಾಕೆ ಲೈಸನ್ಸು ಅಂತ ನಮ್ಮಪ್ಪ ಅಂಚೆ ಆಪೀಸ್ಗೆ ಅಲೀತಿದ್ದ, ಈಗ ಮಾತಾಡಾಕೆ ನಾವು ಅಲೀಬೇಕು ಅನ್ನು" ಅಂದರು. ಸಂಘಕ್ಕೆ ಮೂರು ವರ್ಷ ಕಳೆದಿತ್ತು. ಹಾಲಿನ ಡೇರಿಯ ಹಿಂದೆ ಟವರಿಗೆ ಜಾಗ ತೋರಿಸಿದರು. ಅರ್ತಿಂಗ್ ಗುಂಡಿಗೆ ಮಣ್ಣು ಹೇಗಿದೆಯೆಂದು ಹಾರೆ ಹಾಕಿ ನೋಡಿದೆ, ಎರಡಡಿಗೇ ಬಂಡೆ ಸಿಕ್ಕಿತು. ಕೆರೆ ಏರಿಯ ಪಕ್ಕದ ಜಾಗಕ್ಕೆ ಪಂಚಾಯ್ತಿಯಲ್ಲಿ ಅರ್ಜಿ ಕೊಟ್ಟಿದ್ದಾರೆ.