‘ಕರಗುವ ಕವರ್’ ಬಗ್ಗೆ ನಾನು ಹೇಳಿದ ತಪ್ಪು

ಎರಡು ವರ್ಷದ ಹಿಂದೆ ಒಂದು ಸಣ್ಣ ಸುದ್ದಿ ಬರೆದಿದ್ದೆ. ಎಣ್ಣೆಯಿಂದ ಪ್ಲಾಸ್ಟಿಕ್ ಮಾಡ್ತಾರೆ, ಮಣ್ಣಿಗೆ ಬಿದ್ದರೆ ಕರಗುತ್ತೆ ಅಂತ. ಎಲ್ಲೋ ಓದಿದ್ದನ್ನು ಎಂಟು ಸಾಲಿಗೆ ಇಳಿಸಿದ್ದೆ, ಅಷ್ಟೆ. ಮಾರನೇ ದಿನ ಪಕ್ಕದ ಮನೆ ಅಕ್ಕ ಕೇಳಿದರು: "ಹಂಗಾದ್ರೆ ದನ ತಿಂದ್ರೂ ಏನಾಗಲ್ವಾ?" ಬೈಕ್ ಹತ್ತುವ ಅವಸರದಲ್ಲಿದ್ದೆ. "ಏನಾಗಲ್ಲ ಬಿಡಕ್ಕ" ಅಂದುಬಿಟ್ಟೆ.

ಕೆಲವು ತಿಂಗಳ ಮೇಲೆ ಅವರ ಹಸು ಮೇವು ಬಿಟ್ಟಿತು, ಮೆಲುಕು ನಿಂತಿತು. ಪಶುವೈದ್ಯರು ಹೊಟ್ಟೆ ಕೊಯ್ದಾಗ ಹಗ್ಗ, ಕವರು ಸೇರಿ ಮಂಕರಿಯಷ್ಟು ಉಂಡೆ ಬಂತು. ಹಸಿರು ಎಲೆಯ ಚಿತ್ರವಿದ್ದ, ಸಂತೆಯಲ್ಲಿ ‘ಕರಗುತ್ತೆ’ ಅಂತ ಕೊಟ್ಟ ಕವರೂ ಅದರಲ್ಲಿದ್ದವು. ಹಸು ಉಳಿಯಿತು. ಅಕ್ಕ ನನಗೇನೂ ಅನ್ನಲಿಲ್ಲ. ಅದೇ ನನ್ನನ್ನು ಕೊರೆಯಿತು. ಆಮೇಲೆ ಕೂತು ಸರಿಯಾಗಿ ಓದಿದೆ.

ಎಣ್ಣೆಯಿಂದ ಪ್ಲಾಸ್ಟಿಕ್ ಆಗುವುದು ಸುಳ್ಳಲ್ಲ. ನಮ್ಮ ಹಿರಿಯರು ಸುಗ್ಗಿಯಲ್ಲಿ ರಾಗಿಯನ್ನು ಹಗೇವಿಗೆ ತುಂಬುತ್ತಿದ್ದರಲ್ಲ, ಕೆಲವು ಬ್ಯಾಕ್ಟೀರಿಯಾ ಮಾಡುವುದೂ ಅದನ್ನೇ. ಎಣ್ಣೆ ಯಥೇಚ್ಛ ಸಿಕ್ಕಿ, ಸಾರಜನಕ ಕಡಿಮೆಯಾದರೆ ಅವು ಬೆಳೆಯುವುದು ಬಿಟ್ಟು ಮೈಯೊಳಗೆ ಸಣ್ಣ ಕಾಳುಗಳನ್ನು ಕೂಡಿಡುತ್ತವೆ. ಆ ಕಾಳೇ ಪ್ಲಾಸ್ಟಿಕ್. ಹೆಸರು ಪಿಎಚ್‌ಎ. ಇಂಥ ಒಂದು ಬಗೆಯನ್ನು 1920ರ ದಶಕದಲ್ಲೇ ಫ್ರಾನ್ಸಿನ ಮಾರಿಸ್ ಲೆಮ್ವಾನ್ ಗುರುತಿಸಿದ್ದರು. ಆದರೆ ಅದು ಹಪ್ಪಳದಂತೆ ಮುರಿಯುವಂಥದ್ದು. ಇನ್ನೊಂದು ಬ್ಯಾಕ್ಟೀರಿಯಾದ ಜೀನ್ ತಂದು ಸೇರಿಸಿದ ಮೇಲೆ ಬಾಗುವ, ಮೆತ್ತನೆಯ ಪ್ಲಾಸ್ಟಿಕ್ ಬಂತು. ಜಪಾನಿನ ಕನೆಕಾ ಕಂಪನಿ ಗಿಡದ ಎಣ್ಣೆಯಿಂದ ಇದನ್ನು ತಯಾರಿಸುತ್ತಿದೆ.

ಇದು ಮಣ್ಣಿನಲ್ಲಿ ಕರಗುವುದೂ ನಿಜ. ಆದರೆ ನೀರಿಗೆ ಬಿದ್ದ ಬೆಲ್ಲದಂತಲ್ಲ. ಮಣ್ಣಿನ ಜೀವಿಗಳು ಅದನ್ನು ತಿಂದು ಮುಗಿಸಬೇಕು. ತೇವ, ಬಿಸಿ, ಕವರಿನ ದಪ್ಪ ನೋಡಿಕೊಂಡು ತಿಂಗಳುಗಳೇ ಹಿಡಿಯಬಹುದು. ದನದ ಹೊಟ್ಟೆ ಅಷ್ಟು ದಿನ ಕಾಯುವುದಿಲ್ಲ.

ಇನ್ನೊಂದು ಮಾತು. ಎಲೆಯ ಚಿತ್ರ ಯಾರು ಬೇಕಾದರೂ ಅಚ್ಚು ಹಾಕಬಹುದು. ಗೊಬ್ಬರವಾಗುವ ಪ್ಲಾಸ್ಟಿಕ್ ಎಂದು ಮಾರಲು ನಮ್ಮ ದೇಶದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು. ಕವರಿನ ಮೇಲೆ ಅದರ ಸಂಖ್ಯೆ ಇದೆಯಾ ನೋಡಿ. ಸಂಖ್ಯೆ ಇದ್ದರೂ ಅದು ಗೊಬ್ಬರವಾಗುತ್ತೆ ಅಂತ ಅರ್ಥ, ದನ ತಿನ್ನಬಹುದು ಅಂತಲ್ಲ.

ಹೊಲಕ್ಕೆ ಹಾಸುವ ಮಲ್ಚಿಂಗ್ ಹಾಳೆಗೆ ಇಂಥ ಪ್ಲಾಸ್ಟಿಕ್ ಅಗ್ಗವಾಗಿ ಸಿಕ್ಕರೆ ನಾನೇ ಮೊದಲು ಸುದ್ದಿ ಬರೆಯುತ್ತೇನೆ. ಆದರೆ ಸಿಪ್ಪೆಯನ್ನು ಕವರಿಗೆ ತುಂಬಿ, ಗಂಟು ಹಾಕಿ ಬೀದಿಗೆ ಎಸೆಯುವುದು ನಾವು. ಆ ಗಂಟನ್ನು ಯಾವ ಬ್ಯಾಕ್ಟೀರಿಯಾವೂ ಬಿಚ್ಚಿಕೊಡುವುದಿಲ್ಲ.

ಹೋದ ವಾರ ಅಕ್ಕನ ಮನೆಗೆ ಹೋಗಿ, "ಅವತ್ತು ನಾನು ಹೇಳಿದ್ದು ತಪ್ಪು" ಅಂದೆ. ಬಾಗಿಲ ಪಕ್ಕದ ಬಕೆಟ್ ತೋರಿಸಿದರು. ಅದರಲ್ಲಿ ಬರೀ ಸಿಪ್ಪೆ ಇತ್ತು. "ನಂಗೆ ಗೊತ್ತಾಯ್ತು. ನಿನ್ ಪೇಪರ್ ಓದಿದೋರಿಗೂ ಹೇಳು" ಅಂದರು.

ಅದಕ್ಕೇ ಇದನ್ನು ಬರೆದೆ.