ಕಮಲಾಪುರಕ್ಕೆ ಹೋದ ಹೋಂವರ್ಕು

ಹೋಂವರ್ಕು ಎಂಬುದು ಒಂದು ಕಾಲಕ್ಕೆ ಹುಡುಗನಿಗೂ ಮಾಸ್ತರರಿಗೂ ಸೇರಿದ ಖಾಸಗಿ ವ್ಯವಹಾರವಾಗಿತ್ತು. ನಮ್ಮ ಕಾಲದಲ್ಲಿ ಅದು ಪಾಟಿಯ ಮೇಲಿರುತ್ತಿತ್ತು. ಕಲಬುರಗಿಯ ಬಿಸಿಲಲ್ಲಿ ಮನೆ ಮುಟ್ಟುವುದರೊಳಗೆ ಬೆವೆತ ಅಂಗೈ ತಗಲಿ ಅರ್ಧ ಲೆಕ್ಕ ಅಳಿಸಿದರೆ, ಉಳಿದರ್ಧವನ್ನು ಮಾಡಿದರಾಯಿತು. ತಂದೆಗೆ ತಿಳಿಯುತ್ತಿದ್ದುದು ನಾವು ಹೇಳಿದಷ್ಟು, ಮಾಸ್ತರರಿಗೆ ತಿಳಿಯುತ್ತಿದ್ದುದು ನಾವು ತೋರಿಸಿದಷ್ಟು. ನಡುವೆ ಹುಡುಗರ ಸಣ್ಣ ಸಂಸ್ಥಾನವೊಂದು ಸುಖವಾಗಿ ಬಾಳುತ್ತಿತ್ತು. ನಿಜಾಮರ ಸಂಸ್ಥಾನ 1948ರಲ್ಲಿ ಮುಗಿಯಿತು. ಹುಡುಗರದನ್ನು ವಶಪಡಿಸಿಕೊಂಡದ್ದು ವಾಟ್ಸಾಪು.

2020ರ ಮಾರ್ಚಿಯಲ್ಲಿ ದೇಶದ ಮೊದಲ ಕೊರೋನಾ ಸಾವು ನಮ್ಮ ಊರಿನವರದೇ ಎಂದು ಸುದ್ದಿಯಾಯಿತು. ಶಾಲೆಗಳು ಮುಚ್ಚಿದವು, ಪಾಠ ಫೋನಿನೊಳಗೆ ಹೊಕ್ಕಿತು. ಆ ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂದಾಗ ಸರ್ಕಾರ ಒಂದು ವಿವೇಕವನ್ನು ತೋರಿತ್ತು: ಫೋನೇ ಇಲ್ಲದ ಮಕ್ಕಳು, ಬರಿಯ ಮಾತಿನ ಫೋನುಳ್ಳವರು, ಇಂಟರ್ನೆಟ್ಟಿನ ಫೋನುಳ್ಳವರು ಎಂದು ಬೇರೆಬೇರೆಯಾಗಿ ಎಣಿಸಿ, ಮಾಸ್ತರರೇ ಗುಡಿಯ ಕಟ್ಟೆಗೆ, ಮರದ ನೆರಳಿಗೆ ಹೋಗಿ ಕಲಿಸಿದರು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ಶಾಲೆಗಳು ಮತ್ತೆ ತೆರೆದ ಮೇಲೆ ವಾಟ್ಸಾಪ್ ಗುಂಪುಗಳು ಉಳಿದವು; ಆ ಎಣಿಕೆ ಮಾತ್ರ ಮರೆತುಹೋಯಿತು.

ಗುಂಪಿನಿಂದ ಉಪಕಾರವಿಲ್ಲವೆಂದು ಹೇಳಲಾರೆ. ಜ್ವರ ಬಂದು ಮಲಗಿದ ಮಗುವಿಗೆ ಅಂದಿನ ಪಾಠ ಹಾಸಿಗೆಗೇ ಬರುತ್ತದೆ. ಆದರೆ ಜೇವರ್ಗಿ ಕಾಲೋನಿಯ ನಮ್ಮ ಓಣಿಯಲ್ಲಿ ಕಂಡದ್ದನ್ನೂ ಹೇಳಬೇಕು.

ಓಣಿಯ ತುದಿಯ ಮನೆಯಾತ ಸರಕಿನ ಆಟೋ ಓಡಿಸುತ್ತಾನೆ. ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗಿ ಅಲ್ಲಿಯ ಕೆಂಪು ಬಾಳೆಯನ್ನು ಪೇಟೆಗೆ ತರುವುದು ಅವನ ಕೆಲಸ. (ಆ ಬಾಳೆಯ ರುಚಿಯನ್ನು ಬಣ್ಣಿಸಲು ಹೊರಟರೆ ಈ ಪ್ರಬಂಧ ದಾರಿ ತಪ್ಪೀತು.) ಮನೆಗೆ ಇರುವ ದೊಡ್ಡ ಫೋನು ಒಂದೇ; ಅದು ಅವನ ಜೇಬಿನಲ್ಲಿ. ಸಂಜೆ ನಾಲ್ಕಕ್ಕೆ ಮಗಳ ಹೋಂವರ್ಕು ಹೊರಡುತ್ತದೆ, ಕಮಲಾಪುರದಲ್ಲಿ ಬಾಳೆಗೊನೆಗಳ ನಡುವೆ ಬಂದಿಳಿಯುತ್ತದೆ. ಆತ ಬೆರಳಿನಿಂದ ಮುಟ್ಟಿ ನೋಡುತ್ತಾನೆ. ಅಲ್ಲಿಗೆ ಓದಿದವರ ಪಟ್ಟಿಯಲ್ಲಿ ಅವನ ಹೆಸರು ಸೇರುತ್ತದೆ. ಪಾಲಕರಿಗೆ ತಿಳಿಯಿತು ಎಂದು ಶಾಲೆ ಬರೆದುಕೊಳ್ಳುತ್ತದೆ. ರಾತ್ರಿ ಒಂಬತ್ತಕ್ಕೆ ಹೋಂವರ್ಕು ಮನೆಗೆ ಬಂದಾಗ ಹುಡುಗಿ ನಿದ್ದೆಹೋಗಿರುತ್ತಾಳೆ.

ಒಂದು ಭಾನುವಾರ ತಾಯಿ ಆ ಫೋನನ್ನು ಹಿಡಿದು ನಮ್ಮ ಮನೆಗೆ ಬಂದಳು. ಹಿಂದೆ ಹುಡುಗಿ. “ಅಣ್ಣಾರ, ನಾ ಚೆಂದ ಓದ್ಲಿಕತ್ತೀನಂತ ಬರ್ದಾರ ಅಂತಾಳ್ರಿ ಇಕಿ. ಖರೇನೇನ್ ನೋಡ್ರಿ” ಎಂದಳು. ಬರೆದದ್ದು ಇಂಗ್ಲಿಷಿನಲ್ಲಿ. ಮೂರು ದಿನ ಹೋಂವರ್ಕು ಮಾಡದವರ ಯಾದಿ, ಅದರಲ್ಲಿ ಹುಡುಗಿಯ ಹೆಸರು, ನಲವತ್ತು ಮನೆಗಳಿಗೂ ಕಾಣುವಂತೆ. ತನ್ನ ಮೇಲಿನ ದೂರನ್ನು ತಾನೇ ತಾಯಿಗೆ ಓದಿ ಹೇಳಬೇಕಾದ ಎಂಟು ವರ್ಷದ ಮಗು ಮತ್ತೇನು ಓದೀತು? ನಾನು ಇದ್ದುದನ್ನೇ ಓದಿದೆ. ಹುಡುಗಿ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ, “ಫೋನು ಅಪ್ಪನ ಕೂಡ ಕಮಲಾಪುರಕ್ಕ ಹೋಗಿತ್ತು” ಎಂದಿತು. ಈ ವಾದವನ್ನು ತಳ್ಳಿಹಾಕುವ ನ್ಯಾಯಾಧೀಶರು ಯಾರಿದ್ದಾರೆ?

“ಹಂಗಂತ ಇದರಾಗ ಬರೀರಿ ಅಣ್ಣಾರ” ಎಂದಳು ತಾಯಿ. ಬರೆಯುವಂತಿರಲಿಲ್ಲ. ಆ ಗುಂಪಿನಲ್ಲಿ ಶಾಲೆಯವರು ಮಾತ್ರ ಬರೆಯಬಹುದು, ಉಳಿದವರು ನೋಡಬಹುದು. ಅಂಚೆಯ ಕಾರ್ಡಿಗಾದರೂ ಉತ್ತರ ಬರೆಯಲು ಮತ್ತೊಂದು ಕಾರ್ಡು ಸಿಗುತ್ತಿತ್ತು.

ಮರುದಿನ ಆಕೆ ಕೂಲಿಯನ್ನು ಅರ್ಧ ದಿನ ಬಿಟ್ಟು ಶಾಲೆಗೆ ಹೋದಳು. ತರಗತಿಯ ಟೀಚರಮ್ಮ ಸಜ್ಜನರು, ಕೂರಿಸಿ ಕೇಳಿದರಂತೆ. ಅಂದಿನಿಂದ ಹೋಂವರ್ಕನ್ನು ಹಲಗೆಯ ಮೇಲೂ ಬರೆಯುತ್ತಾರೆ. ಮಕ್ಕಳು ನೋಟುಬುಕ್ಕಿನಲ್ಲಿ ಇಳಿಸಿಕೊಳ್ಳುತ್ತಾರೆ. ಗುಂಪಿಗೆ ಹೋಗುವುದು ಅವರ ದನಿ, ನಮ್ಮ ಕಡೆಯ ಕನ್ನಡದಲ್ಲಿ; ಅದನ್ನು ಆಟೋದವನು ಗೊನೆ ಏರಿಸುತ್ತಲೇ ಕೇಳುತ್ತಾನೆ. ಮಾಡದವರ ಯಾದಿಯೇನೋ ಇನ್ನೂ ಬರುತ್ತದೆ. ಅದು ಮೇಲಿನವರ ಅಪ್ಪಣೆಯಂತೆ.

ತಾಯಿ ಈಗ ಫೋನಿಗಾಗಿ ಕಾಯುವುದಿಲ್ಲ. ಸಂಜೆ ನೋಟುಬುಕ್ಕು ತೆಗೆಸುತ್ತಾಳೆ. ಓದಲು ಬಾರದಿದ್ದರೇನು, ಹಲಗೆಯಿಂದ ಇಳಿಸಿಕೊಂಡ ಸಾಲಿನ ಕೆಳಗೆ ಪುಟ ಖಾಲಿಯಿದೆಯೇ ತುಂಬಿದೆಯೇ ಎಂಬುದು ಕಾಣುತ್ತದೆ.